ಲಾಕ್ ಇರೋ ಹಾಡುಗಳು ಡಿಜೆ ಸಾಫ್ಟ್‌ವೇರ್‌ಗೆ ಲೋಡ್ ಆಗಲ್ಲ, ಯಾವುದನ್ನ ಉಳಿಸ್ಕೋಬಹುದು?

ಗಾಂಧಿಬಜಾರ್_ಗ್ರೂವ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಮ್ಯಾಕ್‌ಬುಕ್, ಎರಡು ಚಾನೆಲ್ ಕಂಟ್ರೋಲರ್, ರೆಕಾರ್ಡ್‌ಬಾಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರ್. ನವೆಂಬರ್ 1ಕ್ಕೆ ಬನಶಂಕರಿಯ ಅಪಾರ್ಟ್‌ಮೆಂಟಲ್ಲಿ ರಾಜ್ಯೋತ್ಸವ, ತಿಂಗಳ ಕೊನೆಗೆ ಕನಕಪುರ ರಸ್ತೆಯ ರೆಸಾರ್ಟಲ್ಲಿ ಒಂದು ಮದುವೆಯ ಸಂಗೀತ್. ಎರಡನೇ ಕಡೆ ಲ್ಯಾಪ್‌ಟಾಪ್ ಇಡಲ್ಲ, ಸಿಡಿಜೆ-2000 ನೆಕ್ಸಸ್ ಅನ್ನೋ ಡಿಜೆ ಪ್ಲೇಯರ್‌ಗೆ ಪೆನ್‌ಡ್ರೈವ್ ಚುಚ್ಚಿ ನುಡಿಸೋದು.

ಲೈಬ್ರರಿ ಹೀಗಿದೆ. 2006ರಿಂದ 2008ರೊಳಗೆ ಅಮೆರಿಕದ ಅಕೌಂಟಲ್ಲಿ ಐಟ್ಯೂನ್ಸ್‌ನಿಂದ ದುಡ್ಡು ಕೊಟ್ಟು ತಗೊಂಡ 340 ಹಾಡು, ಎಲ್ಲಾ ಎಂ4ಪಿ (ಲಾಕ್ ಇರೋ ಫೈಲ್). ಆಪಲ್ ಮ್ಯೂಸಿಕ್ ಚಂದಾದಲ್ಲಿ ಡೌನ್‌ಲೋಡ್ ಮಾಡಿಟ್ಟಿರೋದು ಸುಮಾರು 600. ಇಲ್ಲಿನ ಐಟ್ಯೂನ್ಸ್ ಅಂಗಡಿಯಲ್ಲಿ 2013ರಿಂದೀಚೆಗೆ ತಗೊಂಡಿದ್ದು 90. ಫೋನಿನ ಜಿಯೋಸಾವನ್‌ನಲ್ಲಿ ಆಫ್‌ಲೈನ್ ಇರೋ ಕನ್ನಡ ಹಾಡುಗಳು. ಆಮೇಲೆ ಒಂದು ಡಬ್ಬ ಹಳೇ ಕನ್ನಡ ಸಿನಿಮಾ ಆಡಿಯೋ ಸಿಡಿ.

ಇದರಲ್ಲಿ ಯಾವುದು ಡೆಕ್‌ಗೆ ಬರತ್ತೆ, ಯಾವುದು ಬರಲ್ಲ? ಎಂ4ಪಿ ಹೆಸರನ್ನ ಎಂ4ಎ (ಲಾಕ್ ಇಲ್ಲದ ಫೈಲ್) ಅಂತ ಬದಲಾಯಿಸಿದ್ರೆ ಸಾಕಾ?

ಚಾಮರಾಜಪೇಟೆ_ಡೆಕ್:

ಹೆಸರು ಬದಲಾಯಿಸಿದರೆ ಏನೂ ಆಗುವುದಿಲ್ಲ. ಬೀಗ, ಅಂದರೆ ನಕಲು ತಡೆಯುವ ಡಿಆರ್‌ಎಂ, ಇರುವುದು ಫೈಲಿನ ಒಳಗೆ. ಎಫ್‌ಎಫ್‌ಪ್ರೋಬ್ ಎಂಬ ಫೈಲ್ ಪರೀಕ್ಷಿಸುವ ಸಾಧನದಲ್ಲಿ ತೆರೆದರೆ ಸಾಮಾನ್ಯ ಎಎಸಿ (ಧ್ವನಿಯನ್ನು ಕುಗ್ಗಿಸಿಡುವ ಒಂದು ಫಾರ್ಮ್ಯಾಟ್) ಫೈಲ್ 'ಎಂಪಿ4ಎ' ಎಂಬ ಗುರುತು ತೋರಿಸುತ್ತದೆ, ಬೀಗ ಹಾಕಿದ್ದು 'ಡಿಆರ್‌ಎಂಎಸ್' ಎಂದು. ಒಳಗಿನ ಆಡಿಯೋ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಬಿಚ್ಚುವ ಕೀಲಿ ಆಪಲ್‌ನ ಸ್ವಂತ ಪ್ಲೇಯರಿನ ಬಳಿ ಇದೆ, ಬೇರೆಯವರಿಗೆ ಕೊಡುವುದಿಲ್ಲ.

ಬರೀ 'ಪ್ಲೇ' ಒತ್ತುವುದಾದರೆ ಆ ಪ್ಲೇಯರನ್ನೇ ಕರೆದು ಕೆಲಸ ಮುಗಿಸಬಹುದು. ಆದರೆ ಡಿಜೆ ಸಾಫ್ಟ್‌ವೇರಿಗೆ ಅಷ್ಟು ಸಾಲದು. ವೇವ್‌ಫಾರ್ಮ್ (ಧ್ವನಿಯ ಅಲೆಯ ಚಿತ್ರ) ಬರೆಯಲು, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಮತ್ತು ಕೀ (ಶ್ರುತಿ) ಲೆಕ್ಕ ಹಾಕಲು, ಜಾಗ್ ಚಕ್ರ ಹಿಂದಕ್ಕೆ ತಿರುಗಿಸಿದಾಗ ಹಾಡನ್ನು ಹಿಂದಕ್ಕೆ ಓಡಿಸಲು ಅದಕ್ಕೆ ಇಡೀ ಹಾಡಿನ ಬಿಚ್ಚಿದ ಸ್ಯಾಂಪಲ್‌ಗಳು ಕೈಗೆ ಸಿಗಬೇಕು. ಬೀಗ ತಡೆಯುವುದು ಇದನ್ನೇ. ಆದ್ದರಿಂದ ಸಾಫ್ಟ್‌ವೇರ್ ಬದಲಾಯಿಸಿ ನೋಡುವುದರಲ್ಲಿ ಅರ್ಥವಿಲ್ಲ.

ಮೊದಲು ವಿಂಗಡಿಸಿ. ಎಂ4ಪಿ ಎಂಬ ಬಾಲ ಹಳೆಯ ಖರೀದಿಗೂ ಇದೆ, ಚಂದಾದ ಡೌನ್‌ಲೋಡಿಗೂ ಇದೆ, ಅದನ್ನು ನೋಡಿ ಊಹಿಸಬೇಡಿ. ಮ್ಯೂಸಿಕ್ ಆ್ಯಪ್‌ನಲ್ಲಿ ಸಾಂಗ್ಸ್ ಪಟ್ಟಿ ತೆರೆದು, ವ್ಯೂ ಮೆನುವಿನ ಶೋ ವ್ಯೂ ಆಪ್ಷನ್ಸ್‌ನಲ್ಲಿ 'ಕೈಂಡ್' ಮತ್ತು 'ಕ್ಲೌಡ್ ಸ್ಟೇಟಸ್' ಎರಡನ್ನೂ ಟಿಕ್ ಮಾಡಿ. ಕೈಂಡ್ ಕಾಲಂನಲ್ಲಿ 'ಪ್ರೊಟೆಕ್ಟೆಡ್ ಎಎಸಿ' ಎಂದಿದ್ದರೆ ನೀವು ಕೊಂಡದ್ದು, ಆದರೆ ಬೀಗ ಇದೆ. 'ಪರ್ಚೇಸ್ಡ್ ಎಎಸಿ' ಎಂದರೆ ಕೊಂಡದ್ದು, ಬೀಗ ಇಲ್ಲ. 'ಆಪಲ್ ಮ್ಯೂಸಿಕ್ ಎಎಸಿ' ಎಂದರೆ ಬಾಡಿಗೆಯದು. ಕೈಂಡ್ ಆಧಾರದ ಮೇಲೆ ಮೂರು ಸ್ಮಾರ್ಟ್ ಪ್ಲೇಲಿಸ್ಟ್ ಮಾಡಿಕೊಂಡರೆ ಮುಂದಿನ ಕೆಲಸ ಸುಲಭ.

ನಿಮ್ಮ 90 ಹಾಡಿಗೆ ಯೋಚನೆ ಬೇಡ. ಐಟ್ಯೂನ್ಸ್ ಅಂಗಡಿ 2003ರ ಏಪ್ರಿಲ್‌ನಲ್ಲಿ ಶುರುವಾದಾಗ 128 ಕೆಬಿಪಿಎಸ್, ಬೀಗ ಸಹಿತ. 2007ರಲ್ಲಿ ಇಎಂಐ ಎಂಬ ಸಂಗೀತ ಕಂಪನಿಯ ಹಾಡುಗಳು 256ಕ್ಕೆ, ಬೀಗವಿಲ್ಲದೆ ಬಂದವು. 2009ರಲ್ಲಿ ಉಳಿದ ಕಂಪನಿಗಳ ಹಾಡುಗಳಿಂದಲೂ ಬೀಗ ತೆಗೆದರು. ಭಾರತಕ್ಕೆ ಆ ಅಂಗಡಿ ಬಂದದ್ದೇ 2012ರ ಡಿಸೆಂಬರ್‌ನಲ್ಲಿ, ಹಾಗಾಗಿ ಇಲ್ಲಿ ಕೊಂಡ ಹಾಡಿಗೆ ಬೀಗ ಎಂದೂ ಇರಲಿಲ್ಲ. ಒಂದು ಎಚ್ಚರಿಕೆ: ಆ ಎಂ4ಎ ಫೈಲ್‌ಗಳ ಒಳಗೆ ಕೊಂಡವರ ಹೆಸರು, ಇಮೇಲ್ ಕೂತಿರುತ್ತದೆ. ಪೆನ್‌ಡ್ರೈವ್ ಯಾರ ಕೈಗಾದರೂ ಕೊಡುವ ಮುಂಚೆ ನೆನಪಿರಲಿ.

ತಮಟೆ_ಟೆಂಪೋ:

340 ಹಾಡಿನ ವಿಷ್ಯಕ್ಕೆ ಬರ್ತೀನಿ. ಅದಕ್ಕೆ ಅಂಗಡಿಯವರೇ ಬಿಟ್ಟಿರೋ ಹಿತ್ತಲ ಬಾಗಿಲು ಒಂದಿದೆ: ಆಡಿಯೋ ಸಿಡಿ ಬರ್ನ್ ಮಾಡೋದು. ಮೊದಲು ಅಕೌಂಟ್ ಮೆನು, ಆಥರೈಸೇಷನ್ಸ್‌ಗೆ ಹೋಗಿ ಆ ಹಳೇ ಅಮೆರಿಕದ ಐಡಿಗೆ ಈ ಮ್ಯಾಕನ್ನ ಆಥರೈಸ್ ಮಾಡಿ. ಒಂದು ಐಡಿಗೆ ಒಟ್ಟು 5 ಕಂಪ್ಯೂಟರ್. ಐದೂ ತುಂಬಿಹೋಗಿದ್ರೆ ಡೀಆಥರೈಸ್ ಆಲ್ ಒತ್ತಿ ಹೊಸದಾಗಿ ಶುರು ಮಾಡಬೇಕು. ಆಮೇಲೆ 80 ನಿಮಿಷ ಮೀರದ ಹಾಗೆ ಪ್ಲೇಲಿಸ್ಟ್ ಮಾಡಿ. 4 ನಿಮಿಷದ ಹಾಡಾದ್ರೆ 19, 20ಕ್ಕೆ ತುಂಬತ್ತೆ. ಅಂದ್ರೆ ನಿಮ್ಮದು ಹತ್ರ ಹತ್ರ 18 ಡಿಸ್ಕ್. ಸಿಡಿ-ಆರ್ ಬದ್ಲು ಒಂದೇ ಸಿಡಿ-ಆರ್‌ಡಬ್ಲ್ಯೂ ತಗೊಳ್ಳಿ, ಅಳಿಸಿ ಅಳಿಸಿ ಅದನ್ನೇ ಬಳಸಿ. ಯುಎಸ್‌ಬಿ ಡಿವಿಡಿ ರೈಟರ್ ಎಸ್‌ಪಿ ರೋಡಲ್ಲಿ ಇನ್ನೂ ಸಿಗತ್ತೆ.

ಬರ್ನ್ ಮಾಡುವಾಗ 'ಆಡಿಯೋ ಸಿಡಿ' ಆಯ್ಕೆ ಮಾಡಿ, ಸೌಂಡ್ ಚೆಕ್ ಆಫ್ ಇರಲಿ (ಇಲ್ಲಾಂದ್ರೆ ಅದು ಒಂದೊಂದು ಹಾಡಿನ ವಾಲ್ಯೂಮ್ ಏರಿಸಿ ಇಳಿಸಿ ಬರೆದುಬಿಡತ್ತೆ), ಸಿಡಿ ಟೆಕ್ಸ್ಟ್ ಆನ್ ಇರಲಿ. ಬೀಗ ಇರೋ ಹಾಡಿರೋ ಒಂದೇ ಪ್ಲೇಲಿಸ್ಟನ್ನ 7 ಸಲಕ್ಕಿಂತ ಜಾಸ್ತಿ ಬರ್ನ್ ಮಾಡೋಕೆ ಬಿಡಲ್ಲ, ನಿಮಗೆ ಬೇಕಾಗಿರೋದು ಒಂದೇ ಸಲ. ಆಮೇಲೆ ಅದನ್ನೇ 320 ಎಂಪಿ3 ಆಗಿ ಇಂಪೋರ್ಟ್ ಮಾಡ್ಕೊಳ್ಳಿ, ಮುಗೀತು.

ಆಪಲ್ ಮ್ಯೂಸಿಕ್‌ನ 600ಕ್ಕೆ ಈ ದಾರಿ ಇಲ್ಲ. ಬಾಡಿಗೆ ಹಾಡು ಸಿಡಿಗೆ ಬರ್ನ್ ಆಗೋದೇ ಇಲ್ಲ.

ಚಾಮರಾಜಪೇಟೆ_ಡೆಕ್:

ದಾರಿ ಸರಿ ಗುರುಗಳೇ, ಆದರೆ 320 ಎಂಪಿ3 ಬೇಡ. ಮೂಲವೇ 128ರ ಎಎಸಿ, ಒಮ್ಮೆ ಹಿಂಡಿ ತೆಗೆದದ್ದು. ಅದನ್ನು ಮತ್ತೆ ಎಂಪಿ3 ಮಾಡಿದರೆ ಎರಡನೇ ಸಲ ಹಿಂಡಿದ ಹಾಗೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಮತ್ತೆ ಗಾಣಕ್ಕೆ ಕೊಟ್ಟರೆ ಬರುವುದು ರಸವಲ್ಲ. ಮನೆಯ ಸ್ಪೀಕರ್‌ನಲ್ಲಿ ಗೊತ್ತಾಗದಿದ್ದರೂ ಸಭೆಯ ದೊಡ್ಡ ಪಿಎ ಸ್ಪೀಕರ್‌ಗಳ ಮೇಲೆ ತಾಳ, ಗೆಜ್ಜೆ, ಹೈ-ಹ್ಯಾಟ್ ಎಲ್ಲವೂ ನೀರು ಕುಡಿದ ಹಾಗೆ ಕೇಳುತ್ತವೆ. ಇಂಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನು ಹಿಂಡದೆ ಇಡುವ ಎಐಎಫ್‌ಎಫ್ ಆಯ್ಕೆ ಮಾಡಿ, 'ಯೂಸ್ ಎರರ್ ಕರೆಕ್ಷನ್' ಟಿಕ್ ಮಾಡಿ. ಗುಣಮಟ್ಟ 128ರದೇ ಉಳಿಯುತ್ತದೆ, ಇನ್ನಷ್ಟು ಕೆಡುವುದಿಲ್ಲ ಅಷ್ಟೇ. ವೇವ್ ಬದಲು ಎಐಎಫ್‌ಎಫ್ ಏಕೆಂದರೆ ಹಾಡು, ಗಾಯಕರ ಹೆಸರು, ಚಿತ್ರ ಎಲ್ಲವನ್ನೂ ಅದು ಸರಿಯಾಗಿ ಹೊತ್ತುಕೊಳ್ಳುತ್ತದೆ.

ಇದಕ್ಕಿಂತ ಒಳ್ಳೆಯದು ಐಟ್ಯೂನ್ಸ್ ಮ್ಯಾಚ್, ನಿಮ್ಮ ಅಕೌಂಟಿನ ದೇಶದಲ್ಲಿ ಸಿಗುವುದಾದರೆ. ವರ್ಷದ ಚಂದಾ. ಅದು ಹಾಡಿನ ಧ್ವನಿಯನ್ನು ಅಂಗಡಿಯ ಪ್ರತಿಯೊಂದಿಗೆ ಹೋಲಿಸಿ ನೋಡುತ್ತದೆ. ಹೊಂದಿದರೆ ಕ್ಲೌಡ್ ಸ್ಟೇಟಸ್‌ನಲ್ಲಿ 'ಮ್ಯಾಚ್ಡ್' ಎಂದು ಬರುತ್ತದೆ. ಆಗ ಲೋಕಲ್ ಪ್ರತಿ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದರೆ 256 ಕೆಬಿಪಿಎಸ್‌ನ, ಬೀಗವಿಲ್ಲದ ಎಂ4ಎ ಕೈಗೆ ಬರುತ್ತದೆ. ಮರುವರ್ಷ ಚಂದಾ ನಿಲ್ಲಿಸಿದರೂ ಆ ಫೈಲ್ ನಿಮ್ಮದೇ. ಮ್ಯಾಚ್ ಆಗಲೂ ಕಂಪ್ಯೂಟರ್ ಹಳೆಯ ಐಡಿಗೆ ಆಥರೈಸ್ ಆಗಿರಬೇಕು.

ಎಡವುವುದು ಅಳಿಸುವ ಹಂತದಲ್ಲಿ. 340ನ್ನೂ ಒಂದೇ ಏಟಿಗೆ ಅಳಿಸಬೇಡಿ. ಇಡೀ ಮೀಡಿಯಾ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, 5 ಹಾಡು ಅಳಿಸಿ, ಇಳಿಸಿ, ಕೈಂಡ್ ಕಾಲಂನಲ್ಲಿ 'ಮ್ಯಾಚ್ಡ್ ಎಎಸಿ' ಎಂದು ಬಂತೇ ನೋಡಿ. 'ಆಪಲ್ ಮ್ಯೂಸಿಕ್ ಎಎಸಿ' ಎಂದು ಬಂದರೆ ನಿಲ್ಲಿಸಿ. ಕೊಂಡದ್ದನ್ನು ಕೊಟ್ಟು ಬಾಡಿಗೆಯದನ್ನು ಪಡೆದ ಹಾಗಾಯಿತು. ಅಂಗಡಿಯಿಂದಲೇ ಕಾಣೆಯಾದ ಹಾಡು ಮ್ಯಾಚ್ ಆಗುವುದಿಲ್ಲ, ಅವಕ್ಕೆ ಮಾತ್ರ ಸಿಡಿ ದಾರಿ ಹಿಡಿಯಿರಿ.

ಮಲ್ಲೇಶ್ವರ_ಮಿಕ್ಸ್:

ಆ 600ರ ಬಗ್ಗೆ. 2025ರ ಮಾರ್ಚ್‌ನಿಂದ ಆಪಲ್ ಮ್ಯೂಸಿಕ್ ನೇರವಾಗಿ ಡಿಜೆ ಸಾಫ್ಟ್‌ವೇರ್ ಒಳಗೇ ಸಿಗ್ತಿದೆ. ಸೆರಾಟೋ, ರೆಕಾರ್ಡ್‌ಬಾಕ್ಸ್, ಎಂಜಿನ್ ಡಿಜೆ ಎಲ್ಲಾ ಇವೆ. ಅಲ್ಗೊರಿದಿಮ್ ಅವರ ಡಿಜೇ ಆ್ಯಪ್‌ನಲ್ಲಿ 2024ರಲ್ಲೇ ಬಂದಿತ್ತು. ಸಾಫ್ಟ್‌ವೇರನ್ನ ಇತ್ತೀಚಿನ ಆವೃತ್ತಿಗೆ ಏರಿಸಿ, ಸ್ಟ್ರೀಮಿಂಗ್ ವಿಭಾಗದಲ್ಲಿ ಲಾಗಿನ್ ಆದ್ರೆ ನಿಮ್ಮ ಪ್ಲೇಲಿಸ್ಟ್ ಎಡಗಡೆ ಕಾಣತ್ತೆ. ಬೀಗ ಹೋಗಿಲ್ಲ, ಒಪ್ಪಂದದ ಮೇಲೆ ಆ ಸಾಫ್ಟ್‌ವೇರಿಗೆ ಒಂದು ಕೀಲಿ ಕೊಟ್ಟಿದ್ದಾರೆ ಅಷ್ಟೇ. ನೀವು ಮುಂಚೆ ಡೌನ್‌ಲೋಡ್ ಮಾಡಿಟ್ಟ ಎಂ4ಪಿ ಇಲ್ಲಿ ಲೆಕ್ಕಕ್ಕಿಲ್ಲ, ಹಾಡು ನೆಟ್‌ನಿಂದಲೇ ಬರಬೇಕು.

ಏನೇನು ಸಿಗಲ್ಲ ಅಂದ್ರೆ: ಸೆಟ್ ರೆಕಾರ್ಡ್ ಮಾಡೋಕೆ ಬಿಡಲ್ಲ. ಸ್ಟ್ರೀಮಿಂಗ್ ಹಾಡನ್ನ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡೋಕಾಗಲ್ಲ, ಹಾಗಾಗಿ ನಿಮ್ಮ ರೆಸಾರ್ಟ್ ಕಾರ್ಯಕ್ರಮಕ್ಕೆ ಇದು ಉಪಯೋಗಕ್ಕೆ ಬರಲ್ಲ. ಸ್ಟೆಮ್ಸ್ (ಗಾಯನ, ವಾದ್ಯ ಬೇರ್ಪಡಿಸೋದು) ಎಲ್ಲಾ ಸೇವೆಗೂ ಕೆಲಸ ಮಾಡಲ್ಲ. ಹಾಕಿದ ಹಾಟ್ ಕ್ಯೂ (ಹಾಡಿನ ಒಂದು ಜಾಗಕ್ಕೆ ನೆಗೆಯೋ ಗುರುತು), ಬೀಟ್‌ಗ್ರಿಡ್ (ಬೀಟ್ ಎಲ್ಲಿ ಬೀಳತ್ತೆ ಅನ್ನೋ ಗೆರೆಗಳು) ಮಾತ್ರ ಲ್ಯಾಪ್‌ಟಾಪಲ್ಲಿ ಉಳಿಯತ್ತೆ.

ನೆಟ್ ವಿಷ್ಯದಲ್ಲಿ ಜನ ಸ್ಪೀಡ್ ನೋಡ್ತಾರೆ. ಸ್ಪೀಡ್ ಅಲ್ಲ ತೊಂದರೆ. 256 ಕೆಬಿಪಿಎಸ್‌ನ 4 ನಿಮಿಷದ ಹಾಡು ಅಂದ್ರೆ 7.7 ಎಂಬಿ, ಅದಕ್ಕೆ 2 ಎಂಬಿಪಿಎಸ್ ಸಾಕು ಸಾಕು. ಆದ್ರೆ ಇಂದಿರಾನಗರದ ಬೇಸ್‌ಮೆಂಟ್ ಪಬ್, ತಗಡಿನ ಚಾವಣಿಯ ಕಲ್ಯಾಣ ಮಂಟಪ, ನಗರದಾಚೆಯ ರೆಸಾರ್ಟ್, ಇಂಥ ಕಡೆ 300 ಜನ ಒಟ್ಟಿಗೆ ರೀಲ್ಸ್ ಹಾಕೋಕೆ ಶುರು ಮಾಡಿದ್ರೆ ಮೊಬೈಲ್ ಟವರ್ ಕೈಚೆಲ್ಲತ್ತೆ. ಸಂಜೆ 5ಕ್ಕೆ ಸೌಂಡ್ ಚೆಕ್‌ನಲ್ಲಿ ಓಡಿದ ಹಾಟ್‌ಸ್ಪಾಟ್ 9 ಗಂಟೆಗೆ ಓಡತ್ತೆ ಅನ್ನೋ ಗ್ಯಾರಂಟಿ ಇಲ್ಲ. ಎರಡು ಬೇರೆ ಕಂಪನಿ ಸಿಮ್ ಇಟ್ಕೊಳ್ಳಿ, ಮುಂದಿನ ಹಾಡನ್ನ ಈಗಿನ ಹಾಡು ಶುರುವಾದ ಕೂಡ್ಲೇ ಲೋಡ್ ಮಾಡಿ, ಕೊನೇ ಪಕ್ಷ 40 ಹಾಡಾದ್ರೂ ಬೀಗ ಇಲ್ಲದ ಫೈಲ್ ಡಿಸ್ಕಲ್ಲಿರಲಿ.

ಜಿಯೋಸಾವನ್ ಮರೆತುಬಿಡಿ. ಆಫ್‌ಲೈನ್ ಹಾಡು ಆ ಆ್ಯಪ್ ಒಳಗೇ ಎನ್‌ಕ್ರಿಪ್ಟ್ ಆಗಿ ಕೂತಿರತ್ತೆ, ಡಿಜೆ ಸಾಫ್ಟ್‌ವೇರ್ ಯಾವುದೂ ಅದಕ್ಕೆ ಜೋಡಣೆ ಆಗಲ್ಲ. ಬೇಕಾದ ಕನ್ನಡ ಹಾಡನ್ನ ಮ್ಯೂಸಿಕ್ ಆ್ಯಪ್‌ನ ಸೆಟ್ಟಿಂಗ್ಸ್, ಜನರಲ್‌ನಲ್ಲಿ 'ಐಟ್ಯೂನ್ಸ್ ಸ್ಟೋರ್' ಟಿಕ್ ಮಾಡಿ ಅಲ್ಲಿಂದ ಕೊಳ್ಳಿ. ಆ ಅಂಗಡಿ ಸೈಡ್‌ಬಾರ್‌ನಲ್ಲಿ ಅಡಗಿ ಕೂತಿರೋದ್ರಿಂದ ತುಂಬಾ ಜನಕ್ಕೆ ಅದು ಇನ್ನೂ ಇದೆ ಅನ್ನೋದೇ ಗೊತ್ತಿಲ್ಲ. ಇಲ್ಲಿನ ಐಡಿಗೆ ಕಾರ್ಡ್ ತಗೊಳ್ಳೋದನ್ನ 2022ರಲ್ಲೇ ನಿಲ್ಲಿಸಿದ್ರು, ಯುಪಿಐ ಇಂದ ಬ್ಯಾಲೆನ್ಸ್ ತುಂಬಿಸ್ಕೊಳ್ಳಿ. ಇಂಗ್ಲಿಷ್, ಎಲೆಕ್ಟ್ರಾನಿಕ್ ಬೇಕಿದ್ರೆ ಬೀಟ್‌ಪೋರ್ಟ್, ಬ್ಯಾಂಡ್‌ಕ್ಯಾಂಪ್. ಎರಡರಲ್ಲೂ ಬೀಗ ಇಲ್ಲ. ಕಾರ್ಡಲ್ಲಿ ವಿದೇಶಿ ವಹಿವಾಟು ಆನ್ ಮಾಡಿಸ್ಕೊಂಡಿರಬೇಕು.

ಗಾಂಧಿಬಜಾರ್_ಗ್ರೂವ್:

ತುಂಬಾ ಉಪಕಾರ ಆಯ್ತು. ಎಲ್ಲಾ ಎಂ4ಪಿ ಅಂದ್ಕೊಂಡಿದ್ದೆ, ಕೈಂಡ್ ಕಾಲಂ ನೋಡಿದ್ರೆ 340ರಲ್ಲಿ 22 ಆಗಲೇ 'ಪರ್ಚೇಸ್ಡ್ ಎಎಸಿ', 256. ಇನ್ನೂ ಮೂರು ಪ್ರಶ್ನೆ. ಸಿಡಿಗಳನ್ನ ಯಾವ ಫಾರ್ಮ್ಯಾಟಿಗೆ ತೆಗೀಲಿ? ಬ್ಯಾಂಡ್‌ಕ್ಯಾಂಪ್‌ನ ಕೆಲವು ವೇವ್ ಫೈಲ್ ಲ್ಯಾಪ್‌ಟಾಪಲ್ಲಿ ಓಡತ್ತೆ, ಸಿಡಿಜೆಯಲ್ಲಿ ಇ-8305 ಅಂತ ಬರತ್ತೆ, ಅದೂ ಬೀಗವಾ? ಬೀಗ ಒಡೆಯೋ ಕನ್ವರ್ಟರ್ ಸಾಫ್ಟ್‌ವೇರ್ ಅಂತ ಮಾರ್ತಾರಲ್ಲ, ಅದು?

ಪೇಟೆ_ಬೇಸ್:

ಇ-8305 ಬೀಗ ಅಲ್ಲ ಸರ್, ಫಾರ್ಮ್ಯಾಟ್ ಗೊತ್ತಾಗಲಿಲ್ಲ ಅನ್ನೋ ದೂರು. ವೇವ್ ಫೈಲಿನ ತಲೆಭಾಗದಲ್ಲಿ ಇದು ಯಾವ ಜಾತಿಯ ಆಡಿಯೋ ಅಂತ ಒಂದು ಸಂಖ್ಯೆ ಇರತ್ತೆ. ಮಾಮೂಲಿ ಪಿಸಿಎಂಗೆ (ಹಿಂಡದ ಧ್ವನಿಗೆ) 1. ಕೆಲವು ಸಾಫ್ಟ್‌ವೇರ್‌ಗಳು, ಅದರಲ್ಲೂ 24 ಬಿಟ್ ಬರೆಯುವಾಗ, ಅಲ್ಲಿ 65534 ಅಂತ ಹಾಕ್ತವೆ. ಅದಕ್ಕೆ ಎಕ್ಸ್‌ಟೆನ್ಸಿಬಲ್ ಅಂತಾರೆ. ಒಳಗಿರೋ ಧ್ವನಿ ಅದೇ, ಹಳೇ ಸಿಡಿಜೆಗೆ ಆ ಸಂಖ್ಯೆ ಓದಕ್ಕೆ ಬರಲ್ಲ. ಮ್ಯೂಸಿಕ್ ಆ್ಯಪ್‌ನ ಫೈಲ್, ಕನ್ವರ್ಟ್, ಕ್ರಿಯೇಟ್ ಎಐಎಫ್‌ಎಫ್ ವರ್ಷನ್ ಒತ್ತಿ, ಹೋಗ್ಬಿಡತ್ತೆ. ಇದೇ ಮೆನು ಬೀಗದ ಫೈಲ್ ಮೇಲೆ ಒತ್ತಿದ್ರೆ ಪ್ರೊಟೆಕ್ಟೆಡ್ ಫೈಲ್ ಕನ್ವರ್ಟ್ ಆಗಲ್ಲ ಅಂತ ಹೇಳತ್ತೆ, ಅದನ್ನೇ ಪರೀಕ್ಷೆ ಅಂತ್ಲೂ ಇಟ್ಕೋಬಹುದು. ಇನ್ನೊಂದು, ಎಫ್‌ಎಲ್‌ಎಸಿ ಅನ್ನೋ ಫಾರ್ಮ್ಯಾಟಿನ ಫೈಲ್ ಹಾಕ್ಬೇಡಿ. ನೆಕ್ಸಸ್ ಅದನ್ನ ಓದಲ್ಲ, ನೆಕ್ಸಸ್ 2 ಓದತ್ತೆ.

ಸಿಡಿಯನ್ನೂ ಎಐಎಫ್‌ಎಫ್‌ಗೇ ತೆಗೀರಿ, 16 ಬಿಟ್, 44.1. 4 ನಿಮಿಷಕ್ಕೆ 42 ಎಂಬಿ ಆಗತ್ತೆ, 64 ಜಿಬಿಗೆ 1500 ಹಾಡು. ಗೀರು ಬಿದ್ದ ಸಿಡಿ ಇದ್ರೆ ಮ್ಯಾಕಲ್ಲಿ ಎಕ್ಸ್‌ಎಲ್‌ಡಿ, ವಿಂಡೋಸಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್ ಬಳಸಿ. ನಿಧಾನ, ಆದ್ರೆ ತಪ್ಪಿದ ಜಾಗ ಎಲ್ಲಿ ಅಂತ ಲಾಗ್ ಬರೆದು ಕೊಡತ್ತೆ. ಒಂದೇ ಸಿಡಿಯಲ್ಲಿ ನೂರು ಹಾಡು ಅಂತ ಇದ್ರೆ ಅದು ಆಡಿಯೋ ಸಿಡಿ ಅಲ್ಲ, ಎಂಪಿ3 ಸಿಡಿ. ಫೈಲ್ ನಕಲು ಮಾಡಿದ್ರೆ ಸಾಕು, ಆದ್ರೆ ಮೊದಲು ಸ್ಪೆಕ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಸ್ ಮೇಲೆ ಕತ್ತರಿ ಹಾಕಿದ ಹಾಗೆ ಖಾಲಿ ಇದ್ರೆ 128, ಹೆಸರಲ್ಲಿ 320 ಅಂತಿದ್ರೂ ನಂಬಬೇಡಿ.

ಈಗ ಎಲ್ಲರೂ ತಪ್ಪು ಮಾಡೋ ಜಾಗ. ಕ್ಯೂ ಪಾಯಿಂಟ್ ಎಲ್ಲಾ ಹಾಕಿ ಆಮೇಲೆ ಫೈಲ್ ಬದಲಾಯಿಸೋದು. ಎಂಪಿ3, ಎಎಸಿ ಎರಡೂ ಹಾಡಿನ ತಲೆಗೆ ಸ್ವಲ್ಪ ಮೌನ ಸೇರಿಸ್ತವೆ. ಎಂಪಿ3ಯ ಒಂದು ಫ್ರೇಮ್ 1152 ಸ್ಯಾಂಪಲ್, ಅಂದ್ರೆ 26 ಮಿಲಿಸೆಕೆಂಡ್. ಎಎಸಿಯಲ್ಲಿ ಸಾಮಾನ್ಯವಾಗಿ 2112 ಸ್ಯಾಂಪಲ್, 48 ಮಿಲಿಸೆಕೆಂಡ್. ಒಂದು ಪ್ರೋಗ್ರಾಂ ಅದನ್ನ ಕತ್ತರಿಸತ್ತೆ, ಇನ್ನೊಂದು ಬಿಡತ್ತೆ. ಎಂ4ಪಿ ಬದಲು ಮ್ಯಾಚ್ ಆದ ಎಂ4ಎ ತಂದು ಅದೇ ಹಳೇ ಗ್ರಿಡ್ ಹಚ್ಚಿದ್ರೆ ಎರಡು ಹಾಡಿನ ಕಿಕ್ ಡ್ರಮ್ ಒಟ್ಟಿಗೆ ಬೀಳಲ್ಲ, ಕೈ ತಪ್ಪಿದ ತಮಟೆ ಥರ ಟ್ರರ್ ಅನ್ನತ್ತೆ. 128 ಬಿಪಿಎಂನಲ್ಲಿ ಒಂದು ಬೀಟ್ 469 ಮಿಲಿಸೆಕೆಂಡ್, 26 ಸರಿದರೂ ಕಿವಿಗೆ ಬೀಳತ್ತೆ. ಅದಕ್ಕೇ ಮೊದಲು ಫೈಲ್ ಎಲ್ಲಾ ಅಂತಿಮ ಮಾಡಿ, ಆಮೇಲೆ ಅನಾಲಿಸಿಸ್, ಕೊನೆಗೆ ಕ್ಯೂ. ಹಳೇ ಸಿನಿಮಾ ಹಾಡು ವಾದ್ಯಗೋಷ್ಠಿ ಕೂತು ನುಡಿಸಿದ್ದು, ಲಯ ಆಚೀಚೆ ಆಗತ್ತೆ. ಅವಕ್ಕೆ ರೆಕಾರ್ಡ್‌ಬಾಕ್ಸಲ್ಲಿ ಟ್ರ್ಯಾಕ್ ಅನಾಲಿಸಿಸ್ ಮೋಡ್ 'ಡೈನಮಿಕ್' ಇಡಿ, ಉಳಿದಿದ್ದಕ್ಕೆ 'ನಾರ್ಮಲ್'.

ಪೆನ್‌ಡ್ರೈವ್: ಡಿಸ್ಕ್ ಯುಟಿಲಿಟಿಯಲ್ಲಿ ವ್ಯೂ, ಶೋ ಆಲ್ ಡಿವೈಸಸ್. ಒಳಗಿನ ವಾಲ್ಯೂಮ್ ಅಲ್ಲ, ಮೇಲಿನ ಡಿವೈಸನ್ನೇ ಆರಿಸಿ ಇರೇಸ್. ಫಾರ್ಮ್ಯಾಟ್ ಎಂಎಸ್-ಡಾಸ್ ಫ್ಯಾಟ್, ಸ್ಕೀಮ್ ಮಾಸ್ಟರ್ ಬೂಟ್ ರೆಕಾರ್ಡ್. ಸ್ಕೀಮ್ ತಪ್ಪಿದ್ರೆ ಪ್ಲೇಯರ್‌ಗೆ ಡ್ರೈವೇ ಕಾಣದೆ ಇರಬಹುದು. ಹಾಡನ್ನ ಎಳೆದು ಹಾಕ್ಬೇಡಿ, ರೆಕಾರ್ಡ್‌ಬಾಕ್ಸಿಂದ ಎಕ್ಸ್‌ಪೋರ್ಟ್ ಮಾಡಿ, ಇಲ್ಲಾಂದ್ರೆ ವೇವ್‌ಫಾರ್ಮು, ಕ್ಯೂ ಬರಲ್ಲ. ಬಿಲ್ ಇಲ್ಲದೆ ಅಗ್ಗಕ್ಕೆ ಸಿಕ್ಕ 64 ಜಿಬಿ ಒಳಗೆ 8 ಇರೋದು ಹೊಸದೇನಲ್ಲ, ತುಂಬೋ ಮುಂಚೆ ನಿಜವಾದ ಜಾಗ ಎಷ್ಟು ಅಂತ ಅಳೆಯೋ ಎಫ್3 ಸಾಫ್ಟ್‌ವೇರಲ್ಲಿ ಒಂದ್ಸಲ ಪರೀಕ್ಷೆ ಮಾಡಿ. ಒಂದೇ ಥರದ ಎರಡು ಡ್ರೈವ್ ಮಾಡಿಟ್ಕೊಳ್ಳಿ.

ಚಾಮರಾಜಪೇಟೆ_ಡೆಕ್:

ಬೀಗ ಒಡೆಯುವ ಸಾಫ್ಟ್‌ವೇರ್ ಬಗ್ಗೆ: ನಮ್ಮ ಕಾಪಿರೈಟ್ ಕಾಯಿದೆಗೆ 2012ರ ತಿದ್ದುಪಡಿಯಲ್ಲಿ 65ಎ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಾಡಿಗೆಯ ಹಾಡನ್ನು ಬಿಚ್ಚಿ ಕಾರ್ಯಕ್ರಮಕ್ಕೆ ಒಯ್ದು 'ನನ್ನ ಉದ್ದೇಶ ಒಳ್ಳೆಯದು' ಎಂದು ವಾದಿಸುವುದು ಕಷ್ಟ. ಚಂದಾದ ಷರತ್ತಿಗೂ ವಿರುದ್ಧ. ಆ 600ರಲ್ಲಿ ನಿಜವಾಗಿ ನುಡಿಸುವವು 50 ಇರಬಹುದು, ಅವನ್ನು ಕೊಂಡುಬಿಡಿ.

ಹಾಡು ಕೊಂಡದ್ದು ಬೇರೆ, ಜನರೆದುರು ನುಡಿಸುವ ಅನುಮತಿ ಬೇರೆ. 52ನೇ ಸೆಕ್ಷನ್ನಿನ 1-ಝಡ್‌ಎ ಕಲಂ ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಡುತ್ತದೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳೂ ಅದರ ವಿವರಣೆಯಲ್ಲಿವೆ. ಆದರೂ ರೆಸಾರ್ಟಿನವರು ಕಾಗದ ಕೇಳುವುದುಂಟು, ಮುಂಚೆಯೇ ಮಾತಾಡಿಕೊಳ್ಳಿ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭಕ್ಕೂ ವಿನಾಯಿತಿ ಇದೆ, ಅಪಾರ್ಟ್‌ಮೆಂಟ್ ಸಂಘದ ರಾಜ್ಯೋತ್ಸವ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಡಿನ ಹಕ್ಕುದಾರರ ಪರವಾಗಿ ಅನುಮತಿ ಕೊಡುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಲೈಸೆನ್ಸ್ ವಿಷಯವನ್ನು ಸಂಘದವರ ತಲೆಗೆ ಹಾಕಿ. ರಾತ್ರಿ 10ಕ್ಕೆ ಬಯಲಿನ ಧ್ವನಿವರ್ಧಕ ನಿಲ್ಲಿಸುವ ಮಾತನ್ನೂ.

ತಮಟೆ_ಟೆಂಪೋ:

ಎಐಎಫ್‌ಎಫ್ ವಿಷ್ಯ ಒಪ್ಕೊಂಡೆ. ಕೊನೇದಾಗಿ ಒಂದು: 'ಈ ಹಾಡು ಹಾಕಿ' ಅಂತ ಯಾರಾದ್ರೂ ಕೇಳಿ, ಅದು ನಿಮ್ಮ ಫೋನಿನ ಆ್ಯಪ್‌ನಲ್ಲಿ ಮಾತ್ರ ಇದ್ರೆ, ಫೈಲ್‌ಗೆ ಬೀಗ ಇದ್ರೂ ತಂತಿಯಲ್ಲಿ ಬರೋ ಧ್ವನಿಗೆ ಬೀಗ ಇಲ್ಲ. 3.5 ಎಂಎಂ ಸ್ಟೀರಿಯೋದಿಂದ ಎರಡು ಆರ್‌ಸಿಎಗೆ ಹೋಗೋ ಕೇಬಲ್ ಬ್ಯಾಗಲ್ಲಿರಲಿ, ಜ್ಯಾಕ್ ಇಲ್ಲದ ಫೋನಿಗೆ ಅಡಾಪ್ಟರ್ ಸಮೇತ. ಮಿಕ್ಸರ್ ಚಾನೆಲ್ಲಿನ ಸ್ವಿಚ್ 'ಲೈನ್'ಗಿರಬೇಕು. 'ಫೋನೋ'ಗಿದ್ರೆ (ಅದು ರೆಕಾರ್ಡ್ ತಟ್ಟೆಯ ಪ್ಲೇಯರಿಗೆ, ಫೋನಿಗಲ್ಲ) 40 ಡೆಸಿಬೆಲ್‌ನಷ್ಟು ಗೇನ್ ಸೇರಿ ಸ್ಪೀಕರ್ ಒರಲತ್ತೆ. ಸಣ್ಣ ಕಂಟ್ರೋಲರ್‌ಗಳಲ್ಲಿ ಎಷ್ಟೋದಕ್ಕೆ ಲೈನ್ ಇನ್ ಇರಲ್ಲ, ಆಗ ಸೌಂಡಿನವರ ಹತ್ರ ಒಂದು ಸ್ಟೀರಿಯೋ ಚಾನೆಲ್ ಕೇಳಿ ಇಟ್ಕೊಳ್ಳಿ. ಫೋನ್ ವಾಲ್ಯೂಮ್ 80 ಶೇಕಡಾ, ಏರೋಪ್ಲೇನ್ ಮೋಡ್, ನೋಟಿಫಿಕೇಷನ್ ಬಂದ್. ಹಾಡಿಗೆ ನೆಟ್ ಬೇಕಿದ್ರೆ ಮುಂಚೆ ಆಫ್‌ಲೈನ್ ಮಾಡಿಟ್ಕೊಳ್ಳಿ. ಗುಂಯ್ ಅಂತ ಹಮ್ ಬಂದ್ರೆ ಮೊದಲು ಚಾರ್ಜರ್ ಕೀಳಿ, ಮುಕ್ಕಾಲು ಪಾಲು ಸಲ ಅಷ್ಟಕ್ಕೇ ನಿಲ್ಲತ್ತೆ. ಬೀಟ್ ಮ್ಯಾಚ್ ಆಸೆ ಬಿಡಿ. ಹಿಂದಿನ ಹಾಡು ಮುಗಿಸಿ, ಮೈಕಲ್ಲಿ ಎರಡು ಮಾತಾಡಿ, ಇದನ್ನ ಶುರು ಮಾಡಿ.